ಸ್ವಿಚ್ಚಿಗೆ ಹಾಕಿದ ಬೀಗ

ಕಸ ಸುಟ್ಟು ಸಿಮೆಂಟು ಮಾಡುತ್ತೇವೆ, ಕಲ್ಲಿದ್ದಲು ಉಳಿಸುತ್ತೇವೆ ಎಂದು ವೇದಿಕೆ ಹತ್ತಿ ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಾತೇನೋ ಸುಳ್ಳಲ್ಲ. ವಿಜಯವಾಡದ ಆಚೆಗಿನ ಸಿಮೆಂಟು ಕಾರ್ಖಾನೆಯಲ್ಲಿ ಆ ಕಸದ ವಿಭಾಗ ನೋಡಿಕೊಳ್ಳುತ್ತಿದ್ದವಳೇ ನಾನು. ಆದರೆ ಕಸವೇನು ತಾನಾಗಿಯೇ ನಡೆದು ಹೋಗಿ ಕುಲುಮೆಗೆ ಬೀಳುತ್ತದೆಯೇ?

ನಾನು ಕಲಬುರಗಿ ಕಡೆಯವಳು. ಮನೆ ವಿಜಯವಾಡದ ಭವಾನಿಪುರಂನಲ್ಲಿ. ದಿನವಿಡೀ ತೆಲುಗು ಆಡಿ ಆಡಿ, ಎಲ್ಲಾದರೂ ಕನ್ನಡ ಕಿವಿಗೆ ಬಿದ್ದರೆ ಜೀವ ತಂಪಾಗುತ್ತಿತ್ತು. ನಮ್ಮ ವಿಶಾಖಪಟ್ಟಣದ ಆಫೀಸಿನ ದೊಡ್ಡ ಸಾಹೇಬರು ಮೈಸೂರಿನವರು. ಫೋನಿನಲ್ಲಿ "ಏನಮ್ಮ, ಚೆನ್ನಾಗಿದ್ದೀರಾ?" ಅಂದರೆ ಸಾಕು, ಅವತ್ತೆಲ್ಲ ನಾನು ಖುಷಿ. ಎಂಥ ಹುಚ್ಚಿ ನಾನು!

ಊರಿನ ಇಂದ್ರಕೀಲಾದ್ರಿ ಬೆಟ್ಟದ ದೇವಿಯ ಗುಡಿಯಲ್ಲಿ ಭವಾನಿ ದೀಕ್ಷೆಯ ವ್ರತ ಮುಗಿಸಿದವರು ನದಿಯಲ್ಲಿ ಮಿಂದು, ಉಟ್ಟ ಕೆಂಪು ಬಟ್ಟೆಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಆ ವರ್ಷ ಅವು ಊರ ಕಸದ ಜೊತೆ ಹಸಿಹಸಿಯಾಗಿಯೇ ನಮ್ಮಲ್ಲಿಗೆ ಬಂದವು. ಉದ್ದುದ್ದ ಪಂಚೆ, ಸೀರೆಗಳು ಕಸ ಕತ್ತರಿಸುವ ಯಂತ್ರದ ಹಲ್ಲಿಗೆ ಸುತ್ತಿಕೊಂಡು ಯಂತ್ರ ಗಕ್ಕನೆ ನಿಂತಿತು. ಯಾರಾದರೂ ಒಳಗಿಳಿದು ಚಾಕುವಿನಿಂದ ಕೊಯ್ದೇ ತೆಗೆಯಬೇಕು. ಇಳಿಯುವವನು ಮೊದಲು ಸ್ವಿಚ್ಚು ಆರಿಸಿ, ಅದಕ್ಕೆ ತನ್ನ ಬೀಗ ಜಡಿದು, ಕೀಲಿಯನ್ನು ಮೈಮೇಲೆ ಇಟ್ಟುಕೊಳ್ಳಬೇಕು. ಬೀಗ ಇದೆಯೆಂದರೆ ಒಳಗೆ ಜೀವ ಇದೆಯೆಂದೇ ಲೆಕ್ಕ. ಹಳೆಯ ಕೆಲಸಗಾರನೊಬ್ಬನನ್ನು ನಾನೇ ಇಳಿಸಿದೆ.

ಅದೇ ಹೊತ್ತಿಗೆ ಸಾಹೇಬರು ಅತಿಥಿಗಳನ್ನೂ ಫೋಟೋದವನನ್ನೂ ಕಟ್ಟಿಕೊಂಡು ಬಂದರು.

"ಯಾಕಮ್ಮ ನಿಂತಿದೆ? ಕಸದ ಬೆಲ್ಟ್ ಓಡ್ತಿದ್ರೆ ತಾನೆ ಫೋಟೋ?"

"ಒಳಗ ಮನುಷ್ಯಾ ಅದಾನ್ರೀ ಸರ್. ಬಟ್ಟಿ ಸಿಕ್ಕೊಂಡದ."

ಸಾಹೇಬರು ಒಮ್ಮೆ ಚಪ್ಪಾಳೆ ತಟ್ಟಿ ಕರೆದರು. ಪಕ್ಕದ ಫ್ಯಾನಿನ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು!

"ನೋಡಿ, ಉತ್ತರಾನೇ ಇಲ್ಲ. ಬೀಗ ಮರೆತು ಊಟಕ್ಕೆ ಹೋಗಿರ್ತಾನೆ. ಕೀಲಿ ಕಳೆದಿದೆ ಅಂತ ಹೇಳಿ ಎಲೆಕ್ಟ್ರಿಷಿಯನ್ ಕೈಲಿ ಬೀಗ ಕಟ್ ಮಾಡಿಸಿಬಿಡಿ."

"ಅವನ್ನ ನಾನೇ ಇಳಿಸೀನ್ರೀ! ತಡೀರಿ, ಮ್ಯಾಲ ಹತ್ತಿ ನೋಡಿ ಬರ್ತೀನಿ."

"ಅಷ್ಟೊತ್ತಿಗೆ ಇವರು ಹೊರಟುಹೋಗ್ತಾರೆ. ನಾವು ನಾವು ಕನ್ನಡದೋರು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ."

ಆಗ ಹೊಳೆಯಿತು. ಅತಿಥಿಗಳ ಜೊತೆ ಇಂಗ್ಲಿಷ್, ಕೆಲಸಗಾರರ ಜೊತೆ ತೆಲುಗು ಆಡುವ ಈ ಮನುಷ್ಯ ಬೀಗ ಕತ್ತರಿಸುವ ಮಾತನ್ನು ಬೇಕೆಂದೇ ಕನ್ನಡದಲ್ಲಿ ಆಡಿದ್ದ. ಅಲ್ಲಿದ್ದ ಇನ್ಯಾರಿಗೂ ತಿಳಿಯಬಾರದು ನೋಡಿ! ಮರೆಯಬೇಡಿರೋ ಎಂದು ಮನೆಯಲ್ಲಿ ನನ್ನ ಮಕ್ಕಳಿಗೆ ಗೋಗರೆಯುವ ಭಾಷೆಯಲ್ಲಿ ಒಬ್ಬನ ಜೀವ ತೆಗೆಯುವ ಮಾತು. ಸಿಟ್ಟು ನೆತ್ತಿಗೇರಿತು.

"ಲೋಪಲ ಮನಿಷಿ ಉನ್ನಾಡು!" ಎಂದು ಗಂಟಲು ಹರಿಯುವಂತೆ ತೆಲುಗಿನಲ್ಲಿ ಕೂಗಿದೆ. ಒಳಗೆ ಮನುಷ್ಯ ಇದ್ದಾನೆ, ಸಾಹೇಬರು ಬೀಗ ಕತ್ತರಿಸಿ ಅನ್ನುತ್ತಿದ್ದಾರೆ, ಎಲ್ಲರೂ ಕೇಳಿ ಎಂದೆ. ಎಲೆಕ್ಟ್ರಿಷಿಯನ್ ಓಡಿಬಂದು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ. ಉಳಿದವರೂ ಅವನ ಪಕ್ಕ ಬಂದು ನಿಂತರು. ಸಾಹೇಬರು ಇಂಗು ತಿಂದ ಮಂಗನ ಹಾಗೆ ಅತಿಥಿಗಳ ಕಡೆ ನೋಡಿ ನಕ್ಕರು.

ಸ್ವಲ್ಪ ಹೊತ್ತಿಗೆ ಯಂತ್ರದ ಬಾಯಿಂದ ಒಂದು ತಲೆ ಕಾಣಿಸಿತು. ತೋಳಿನ ತುಂಬ ಕೆಂಪು ಬಟ್ಟೆ, ಮೈಯೆಲ್ಲ ಬೆವರು. ಇಳಿದು ಬಂದವನು ಉಡದಾರಕ್ಕೆ ಕಟ್ಟಿದ್ದ ಕೀಲಿ ಬಿಚ್ಚಿ, "ಅಯಿಪೋಯಿಂದಿ ಮೇಡಂ," ಅಂದ. ಕೆಲಸ ಮುಗಿಯಿತಂತೆ. ಸಾಹೇಬರು ನಾಚಿಕೆಯಿಲ್ಲದೆ ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು.

ಕೆಲವು ತಿಂಗಳ ಮೇಲೆ ಮೀಟಿಂಗಿಗೆಂದು ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿರುವ ಆಫೀಸಿಗೆ ಹೋದೆ. ಬಾಗಿಲಲ್ಲೇ ಆ ಫೋಟೋಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು, ಕೆಳಗೆ ಸುರಕ್ಷತೆಯ ಬಗ್ಗೆ ಒಂದು ದೊಡ್ಡ ಮಾತು. ನೋಡುತ್ತ ನಿಂತಿದ್ದೆ. ಹಿಂದಿನಿಂದ ಸಾಹೇಬರ ಮೆಲುದನಿ.

"ನಮ್ಮೋರೇ ಆಗಿ ಅವತ್ತು ಅಷ್ಟು ಜನರೆದುರು ಮಾನ ಕಳೆದ್ರಲ್ಲಮ್ಮ."

"ನಮ್ಮಾಂವ ಯಂತ್ರದಾಗ ಇದ್ದನಲ್ರೀ ಸರ್," ಅಂದೆ.