ಶಾಹೀನಾ ತಂದ ಸುಣ್ಣದ ಮರಳು

ಅಮೆರಿಕದಲ್ಲಿ, ಸದಾ ಮಳೆ ಸುರಿಯುವ ಎಜುಕೇಶನ್ ಹಿಲ್ ಬಡಾವಣೆಯಲ್ಲಿ ನಾನು ಇಳಿದುಕೊಂಡಿರುವುದು ಮೈಸೂರಿನ ಗೆಳತಿ ಶಾಹೀನಾಳ ಮನೆಯಲ್ಲಿ. ಇಲ್ಲಿನ ಒದ್ದೆ ಮಣ್ಣಿನಲ್ಲಿ ಅವಳ ದಾಳಿಂಬೆ ಗಿಡ ಎರಡು ಸಲ ಬೇರು ಕೊಳೆತು ಸತ್ತಿದೆ. ಅದಕ್ಕೇ ನಿನ್ನೆ ಬೆಟ್ಟಗಳಾಚೆಯ ಮರುಭೂಮಿಗೆ ಡ್ರೈವ್ ಮಾಡಿ, ಪರಿಚಯದವರ ಜಮೀನಿನಿಂದ ಒಂದು ಚೀಲ ಮಣ್ಣು ತಂದೆವು.

ಬೆಳಿಗ್ಗೆ ಅವಳು ಒಂದು ಹಿಡಿ ಮಣ್ಣಿನ ಮೇಲೆ ವಿನೆಗರ್ ಹನಿಸಿದಳು. ಮಣ್ಣು ಸೋಡಾದಂತೆ ಬುಸುಗುಟ್ಟಿತು. ನಾನು ಬೆಚ್ಚಿ ಹಿಂದೆ ಸರಿದೆ.

"ಸುಣ್ಣ ಇದೆ ಕಣೇ. ದಾಳಿಂಬೆಗೆ ಒಗ್ಗತ್ತೆ," ಎಂದಳು.

"ಅಮ್ಮೀ, ಇಟ್ಸ್ ಜಸ್ಟ್ ಸ್ಯಾಂಡ್," ಎಂದಳು ಅವಳ ಮಗಳು.

"ಮರಳೇ ಬೇಕು. ನೀರು ನಿಲ್ಲಲ್ಲ."

ಕುಂಡ ತುಂಬಿಸಿ, ಚೊಂಬಿನಿಂದ ನೀರು ಹೊಯ್ದೆ. ಚೊಂಬು ಖಾಲಿಯಾಗುವ ಮೊದಲೇ ತಳದ ತೂತಿನಿಂದ ನೀರು ನನ್ನ ಕಾಲಿನ ಮೇಲೆ ಹರಿಯಿತು.

ಶಾಹೀನಾ ಮೂರನೆಯ ಸಸಿ ನೆಟ್ಟಳು. ಅಷ್ಟರಲ್ಲಿ ಮಳೆ ಶುರುವಾಯಿತು. ಕುಂಡ ಒಳಗಿಡೋಣ ಎಂದೆ.

"ಬೇಡ, ನೆನೀಲಿ," ಎಂದು ಅವಳು ಅಲ್ಲೇ ನಿಂತಳು.