ನಾಣ್ಯಕ್ಕಿಂತ ಚಿಕ್ಕ ಗಾಯ

ಟಣ್.

ಬಸ್ಸಿನ ಕಬ್ಬಿಣದ ಕಂಬಕ್ಕೆ ನಾಣ್ಯ ತಾಗಿದ ಸದ್ದು. ಒಂದು ಸಲ ಕೇಳಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಕೇಳಿದರೆ ಹೊರಡಬೇಕು. ಡಿಪೋದ ಉಳಿದ ಕಂಡಕ್ಟರುಗಳೆಲ್ಲ ಸೀಟಿ ಊದಿದರೆ ಇವನೊಬ್ಬ ಮಾತ್ರ ಹದಿನಾಲ್ಕು ವರ್ಷಗಳಿಂದ ಅದೇ ಒಂದು ನಾಣ್ಯ ಹಿಡಿದು ಬಸ್ಸನ್ನು ನಿಲ್ಲಿಸುತ್ತ, ಹೊರಡಿಸುತ್ತ ಬಂದಿದ್ದ. ಎಂದೋ ಚಲಾವಣೆ ನಿಂತುಹೋದ ಅಗಲವಾದ ನಾಣ್ಯ ಅದು. ಅಂಚು ಸವೆದು ನುಣುಪಾಗಿತ್ತು. ಶಾಲೆಗೆ ಹೋಗುವ ಮಕ್ಕಳು ಅವನಿಗೆ ಟಣ್ಣಪ್ಪ ಎಂದು ಹೆಸರಿಟ್ಟಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ ಒಂದೇ ಒಂದು ದನಿ ನಿಂತುಹೋದ ಮೇಲೆ ಆ ಅಡ್ಡಹೆಸರೂ ಹಿತವೆನಿಸತೊಡಗಿತು.

ದಿನವಿಡೀ ನೂರಾರು ಜನರ ಭುಜಕ್ಕೆ ಭುಜ ತಾಗುವ ಕೆಲಸ. ಆದರೆ ಮಾತೆಂಬುದಿಲ್ಲ. ಇಳಿಯುವ ಜಾಗ ಹೇಳುತ್ತಾರೆ, ಟಿಕೆಟ್ ಹಿಡಿದು ಕಿಟಕಿಯತ್ತ ಮುಖ ತಿರುಗಿಸುತ್ತಾರೆ. ಹೆಂಡತಿ ತೀರಿಹೋದ ವಾರ ಅವನು ಕಣ್ಣು ಕೆಂಪಾಗಿಸಿಕೊಂಡೇ ಡ್ಯೂಟಿ ಮಾಡಿದ್ದ. ಯಾರೋ ಒಬ್ಬರು, ‘ಧೂಳು ಬಿತ್ತಾ?’ ಎಂದು ಕೇಳಿದ್ದರು. ಅಷ್ಟೆ.

ಅವನ ದಿನದಲ್ಲಿ ಅವನಿಗಾಗಿಯೇ ಇದ್ದ ಸದ್ದು ಒಂದೇ. ಸಂಜೆ ನಾಲ್ಕು ಹತ್ತಕ್ಕೆ ಅಂಗಿಯ ಜೇಬಿನಲ್ಲಿ ಫೋನು ಒಂದು ಸಲ ರಿಂಗಾಗಿ ನಿಲ್ಲುತ್ತಿತ್ತು. ಹತ್ತು ವರ್ಷದ ಮಗಳು ಶಾಲೆಯಿಂದ ಬಂದಳು, ಒಳಗಿನಿಂದ ಚಿಲಕ ಹಾಕಿಕೊಂಡಳು, ಎಲ್ಲ ಸರಿಯಾಗಿದೆ ಎಂದು ಅದರ ಅರ್ಥ. ಡ್ಯೂಟಿಯಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲವಲ್ಲ, ಅದಕ್ಕೇ ಮಾಡಿಕೊಂಡ ಏರ್ಪಾಡು. ಅವಳ ಕೈಯಲ್ಲಿದ್ದದ್ದು ಅಮ್ಮನ ಹಳೆಯ ಫೋನು. ಹಾಗಾಗಿ ಪರದೆಯ ಮೇಲೆ ಮೂಡುತ್ತಿದ್ದದ್ದು ಈಗಲೂ ಹೆಂಡತಿಯ ಹೆಸರೇ. ಅದನ್ನು ಅಳಿಸಿ ಬೇರೆ ಬರೆಯಲು ಅವನಿಗೆ ಕೈ ಬಂದಿರಲಿಲ್ಲ.

ನಾಲ್ಕು ಹತ್ತರಿಂದ ಅವನು ಮನೆ ಮುಟ್ಟುವ ಎಂಟರವರೆಗೆ ಹುಡುಗಿ ಒಬ್ಬಳೇ. ಆ ನಾಲ್ಕು ಗಂಟೆಗಳ ಹೆದರಿಕೆಯೇ ಅವನನ್ನು ಮೇಷ್ಟ್ರನ್ನಾಗಿ ಮಾಡಿದ್ದು. ಕಂಡಕ್ಟರ್ ಬ್ಯಾಡ್ಜ್ ಬೇಕಾದರೆ ಪ್ರಥಮ ಚಿಕಿತ್ಸೆಯ ಪರೀಕ್ಷೆ ಪಾಸಾಗಬೇಕು. ಅಂದು ಬಾಯಿಪಾಠ ಹೊಡೆದ ತೆಳ್ಳನೆಯ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು, ವಾರದ ರಜೆಯ ದಿನ ಮಗಳ ಮುಂದೆ ಬಿಚ್ಚಿ ಕೂತ. ಹಳೆಯ ಬೆಡ್‌ಶೀಟನ್ನು ಒಗೆದು, ಇಸ್ತ್ರಿ ಮಾಡಿ, ಪಟ್ಟಿಪಟ್ಟಿಯಾಗಿ ಕತ್ತರಿಸಿಟ್ಟ. ರೋಗಿ ಬೇಕಲ್ಲ, ತಾನೇ ಚಾಪೆಯ ಮೇಲೆ ಉದ್ದಕ್ಕೆ ಬಿದ್ದುಕೊಂಡ.

‘ಅಪ್ಪ, ನಗಬೇಡ. ನಿನಗೆ ಪ್ರಜ್ಞೆ ತಪ್ಪಿದೆ.’

‘ಕಚಗುಳಿ ಆಗ್ತಿದೆಯಲ್ಲ ಪುಟ್ಟಿ.’

‘ಪ್ರಜ್ಞೆ ತಪ್ಪಿದವರಿಗೆ ಕಚಗುಳಿ ಆಗಲ್ಲ. ಕಾಲು ಎತ್ತಿಡ್ತೀನಿ, ಸುಮ್ನಿರು. ಅಬ್ಬಾ, ಏನು ಭಾರ.’

ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಬೇಕು. ಕೊಯ್ದುಕೊಂಡರೆ ಬಟ್ಟೆಯಿಟ್ಟು ಹತ್ತು ನಿಮಿಷ ಒತ್ತಿ ಹಿಡಿಯಬೇಕು, ನಿಂತಿತಾ ನಿಂತಿತಾ ಎಂದು ಇಣುಕಬಾರದು. ಸುಟ್ಟುಕೊಂಡರೆ ಇಪ್ಪತ್ತು ನಿಮಿಷ ನಲ್ಲಿಯ ನೀರು, ಟೂತ್‌ಪೇಸ್ಟು ಗೀಸ್ಟು ಏನೂ ಬೇಡ, ಬೊಬ್ಬೆ ಒಡೆಯಬಾರದು, ಮೇಲೆ ಸಡಿಲವಾಗಿ ಪಟ್ಟಿ. ಗಂಟು ಹಾಕುವಾಗ ಬಲತುದಿ ಎಡದ ಮೇಲೆ, ಆಮೇಲೆ ಎಡತುದಿ ಬಲದ ಮೇಲೆ. ಗಂಟು ಕಟ್ಟುವವಳು ಅವಳು, ಪಟ್ಟಿ ಜಾರದಂತೆ ಬೆರಳಿಟ್ಟು ಹಿಡಿಯುವವನು ಅವನು. ತಿಂಗಳೊಪ್ಪತ್ತಿನಲ್ಲಿ ಹುಡುಗಿ ಅವನಿಗಿಂತ ಚೆನ್ನಾಗಿ ಕಟ್ಟತೊಡಗಿದಳು.

‘ಎಷ್ಟು ದೊಡ್ಡ ಗಾಯ ಆದ್ರೆ ಹೆದರ್ಬೇಕು?’ ಎಂದು ಒಮ್ಮೆ ಕೇಳಿದಳು.

ಅವನು ಜೇಬಿನಿಂದ ನಾಣ್ಯ ತೆಗೆದು, ಅಡುಗೆಮನೆಯ ನಲ್ಲಿಯ ಪಕ್ಕದ ಗೋಡೆಗೆ ಒತ್ತಿಹಿಡಿದು, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದ.

‘ಇದಕ್ಕಿಂತ ದೊಡ್ಡದಾದ್ರೆ ಕೆಳಗಿನ ಮನೆ ದರ್ಜಿ ಅಜ್ಜಿನ ಕರಿ. ಮುಖಕ್ಕೋ ಕೈಕಾಲಿನ ಕೀಲಿಗೋ ಆದ್ರೆ ಎಷ್ಟೇ ಆಗಿರ್ಲಿ, ಕರಿ. ಅವರು ನನಗೆ ಫೋನ್ ಮಾಡ್ತಾರೆ.’

‘ಇದಕ್ಕಿಂತ ಚಿಕ್ಕದಾದ್ರೆ?’

‘ಚಿಕ್ಕದಕ್ಕೆ ನೀನೇ ಡಾಕ್ಟರು. ನನಗೇನು ಕೆಲಸ ಅಲ್ಲಿ?’

ಮೆಚ್ಚಿ ಆಡಿದ ಮಾತದು. ಹುಡುಗಿ ಅದನ್ನು ಪಾಠವೆಂದು ತಿಳಿದು ಮನಸ್ಸಿನಲ್ಲಿ ಬರೆದುಕೊಂಡಳು.

ಮೊನ್ನೆ ರಜೆಯ ದಿನ ಬೆಳಿಗ್ಗೆ ಅವಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದ. ಹೆಂಡತಿ ಹಾಕುತ್ತಿದ್ದ ಜಡೆಯಲ್ಲ ಅದು, ಹೇಗೋ ಕೂದಲು ಕಣ್ಣಿಗೆ ಬೀಳದಂತೆ ಮಾಡುವ ಉಪಾಯ. ರಬ್ಬರ್ ಬ್ಯಾಂಡ್ ಕೊಡಲು ಅವಳು ಕೈ ಎತ್ತಿದಾಗ ಅಂಗಿಯ ತೋಳು ಹಿಂದಕ್ಕೆ ಸರಿಯಿತು. ಮುಂಗೈ ಮೇಲೆ ಬಿಳಿಯ ಪಟ್ಟಿ. ಅಚ್ಚುಕಟ್ಟಾದ ಗಂಟು.

‘ಏನಿದು?’

‘ಸುಟ್ಟಿದ್ದು. ಹಾಲಿನ ಪಾತ್ರೆ ಅಂಚು ತಾಗ್ತು. ವಾಸಿ ಆಗ್ತಿದೆ.’

‘ಯಾವಾಗ?’

‘ಬುಧವಾರ.’

ಬುಧವಾರದಿಂದ ನಾಲ್ಕು ರಾತ್ರಿ ಅವಳ ಪಕ್ಕದಲ್ಲೇ ಕೂತು ಉಂಡಿದ್ದ. ಹೊದಿಕೆ ಹೊದಿಸಿದ್ದ. ದಣಿವಿನಲ್ಲಿ ಆ ಉದ್ದ ತೋಳಿನ ಅಂಗಿ ಅವನ ಕಣ್ಣಿಗೇ ಬಿದ್ದಿರಲಿಲ್ಲ.

‘ಹೇಳ್ಲೇ ಇಲ್ವಲ್ಲ ಮಗಳೇ.’

‘ಗೋಡೆ ಹತ್ರ ಹಿಡಿದು ಅಳೆದೆ. ಗೆರೆಗಿಂತ ಚಿಕ್ಕದಿತ್ತು.’ ಅವನ ಮುಖ ನೋಡಿ, ‘ನೀರು ಇಪ್ಪತ್ತು ನಿಮಿಷ ಬಿಟ್ಟೆ. ಗಡಿಯಾರ ನೋಡ್ಕೊಂಡೇ,’ ಎಂದು ಸೇರಿಸಿದಳು.

ಅವನು ಪಟ್ಟಿ ಬಿಚ್ಚಿದ. ಗಾಯ ಒಣಗುತ್ತ ಬಂದಿತ್ತು, ಅವಳು ಮಾಡಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಪಟ್ಟಿಯ ಒಂದು ತುದಿ ಮಾತ್ರ ನುಜ್ಜಾಗಿ ನೂಲು ಎದ್ದಿತ್ತು. ಬೆರಳಾಡಿಸಿ ನೋಡಿದ. ಹಲ್ಲಿನ ಗುರುತು. ಪಾಠ ಮಾಡುವಾಗಲೆಲ್ಲ ಇಬ್ಬರಿದ್ದರು, ಹಿಡಿಯಲು ಇನ್ನೊಂದು ಬೆರಳಿತ್ತು. ತನ್ನ ಕೈಗೆ ತಾನೇ ಒಂದೇ ಕೈಯಲ್ಲಿ ಕಟ್ಟಿಕೊಳ್ಳುವುದು ಹೇಗೆ ಎಂದು ಪುಸ್ತಕದಲ್ಲಿರಲಿಲ್ಲ, ಅವನೂ ಹೇಳಿಕೊಟ್ಟಿರಲಿಲ್ಲ. ಅದನ್ನು ಅವಳೇ ಕಂಡುಕೊಂಡಿದ್ದಳು.

‘ಅಳು ಬಂತಾ?’

‘ಸ್ವಲ್ಪ. ಇಪ್ಪತ್ತು ನಿಮಿಷ ಸುಮ್ನೆ ನಿಂತಿರ್ಬೇಕಲ್ಲ, ಬೇರೆ ಕೆಲಸ ಇರ್ಲಿಲ್ಲ.’

ಅವನು ಎದ್ದು ಹೋಗಿ ಗೋಡೆಯ ಮೇಲಿನ ಗೆರೆಯನ್ನು ಒದ್ದೆ ಬಟ್ಟೆಯಿಂದ ಉಜ್ಜತೊಡಗಿದ.

‘ಯಾಕಪ್ಪ ಅಳಿಸ್ತೀಯ? ನಂಗೆ ಅಳತೆ ಬೇಕು.’

‘ದರ್ಜಿ ಅಜ್ಜಿನ ಕರೆಯೋದಕ್ಕೆ ಇರ್ಲಿ ಹಾಗಾದ್ರೆ. ನನಗೆ ಹೇಳೋಕೆ ಅಳತೆ ಇಲ್ಲ. ಎಷ್ಟು ಚಿಕ್ಕದಾದ್ರೂ ಫೋನ್ ಮಾಡು.’

‘ಮಾಡಿದ್ರೆ ನೀನು ಬಸ್ಸಲ್ಲಿ ಇರ್ತೀಯ. ಎತ್ತಲ್ಲ.’

‘ಎತ್ತದಿದ್ರೂ ರಿಂಗ್ ಆಗ್ಲಿ.’

‘ರಿಂಗ್ ಆದ್ರೆ ಉರಿ ಹೋಗುತ್ತಾ?’

ಅವನು ಒದ್ದೆ ಬಟ್ಟೆಯನ್ನು ಹಿಂಡಿ ಬದಿಗಿಟ್ಟ. ಅಷ್ಟರಲ್ಲಿ ಅವಳು ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಮತ್ತೆ ಕಟ್ಟಿಕೊಂಡಾಗಿತ್ತು.

ಮರುದಿನ ನಾಲ್ಕು ಗಂಟೆಯ ಸುಮಾರಿಗೆ ಬಸ್ಸು ಡಿಪೋಗೆ ಬಂತು. ಮುಂದಿನ ಟ್ರಿಪ್ಪಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅವನು ಸೀದಾ ಡ್ಯೂಟಿ ಹಂಚುವ ಕಂಟ್ರೋಲರ ಕೋಣೆಗೆ ಹೋದ. ಗಾಜಿನ ಹಿಂದೆ ಡ್ಯೂಟಿ ಚಾರ್ಟು, ಅದರ ಮುಂದೆ ಟೀ ಲೋಟ, ಅದರ ಹಿಂದೆ ಕಂಟ್ರೋಲರು.

‘ಸರ್, ಬೆಳಗಿನ ಶಿಫ್ಟು ಬೇಕಿತ್ತು. ನಸುಕಿಗೇ ಬರ್ತೀನಿ, ಯಾವ ರೂಟ್ ಕೊಟ್ರೂ ಸರಿ. ನಾಲ್ಕು ಗಂಟೆಗೆ ಮನೇಲಿರ್ಬೇಕು.’

‘ಬಾರಯ್ಯ ಟಣ್ಣಪ್ಪ. ಬೆಳಗಿನ ಶಿಫ್ಟಿಗೆ ನಿನ್ನ ಮುಂದೆ ಹನ್ನೊಂದು ಜನ ಸಾಲಲ್ಲಿದ್ದಾರೆ. ಮಗಳಿಗೆ ಹುಷಾರಿಲ್ವಾ?’

‘ಹುಷಾರಾಗೇ ಇದ್ದಾಳೆ ಸರ್. ಅದೇ ಕಷ್ಟ.’

‘ಒಗಟು ಬೇಡ ಕಣಯ್ಯ. ಕಾರಣ ಬೇಕು, ಅರ್ಜಿ ಬೇಕು. ಹುಷಾರಾಗಿರೋದು ಕಾರಣ ಅಂತ ಬರ್ದ್ರೆ ಮೇಲಿನವರು ನನ್ನ ಮುಖ ನೋಡ್ತಾರೆ. ಮೂರು ತಿಂಗಳು ತಡಿ. ಆಮೇಲೆ ನೋಡೋಣ, ಮಾತು ಕೊಡಲ್ಲ…’

ಜೇಬಿನಲ್ಲಿ ಫೋನು ರಿಂಗಾಯಿತು. ನಾಲ್ಕು ಹತ್ತು. ಚಿಲಕ ಬಿತ್ತು ಎಂದುಕೊಂಡು, ಎಂದಿನಂತೆ ಉಸಿರು ಬಿಡಲು ಕಾದ.

ಫೋನು ನಿಲ್ಲಲಿಲ್ಲ. ಎರಡನೆಯ ರಿಂಗು. ಮೂರನೆಯದು. ತೆಗೆದು ನೋಡಿದ, ಪರದೆಯ ಮೇಲೆ ಹೆಂಡತಿಯ ಹೆಸರು ಬೆಳಗುತ್ತಲೇ ಇತ್ತು.

‘ಏನಾಯ್ತು ಪುಟ್ಟಿ?’

‘ಅಯ್ಯೋ, ಎತ್ತಿಬಿಟ್ಯಾ?’ ಅತ್ತ ಕಡೆ ನಲ್ಲಿಯ ನೀರಿನ ಸದ್ದು. ‘ಏನಿಲ್ಲಪ್ಪ. ಮೆಟ್ಟಿಲ ಹತ್ರ ಬಿದ್ದೆ. ಅಂಗೈ ತರಚಿದೆ. ತುಂಬಾ ಚಿಕ್ಕದು. ಗೆರೆಯ ಅರ್ಧನೂ ಇಲ್ಲ.’

‘ಉರೀತಿದೆಯಾ?’



‘ಹೂಂ.’ ದನಿ ಒಡೆದಿತ್ತು. ‘ಎಷ್ಟು ಹೊತ್ತು ಇರ್ತೀಯ?’

‘ನಾನು ಹೇಳ್ತಿರೋದು ಕಿವಿಗೆ ಬೀಳ್ತಿದೆಯೇನಯ್ಯ?’ ಎಂದರು ಕಂಟ್ರೋಲರು. ‘ಅರ್ಜಿಯಲ್ಲಿ ಮೊದಲು ನೀನು…’

‘ಬಸ್ಸು ಹೊರಡೋವರೆಗೂ ಇರ್ತೀನಿ ಕಂದ,’ ಎಂದು ಅವನು ಕೋಣೆಯ ಹೊಸ್ತಿಲು ದಾಟಿದ. ‘ನೀರಲ್ಲಿ ಕೈ ಹಿಡ್ಕೊಂಡಿರು. ಹೆಂಗೆ ಬಿದ್ದೆ, ಮೊದಲಿಂದ ಹೇಳು.’