ಕೊಪ್ಪರಿಗೆಯ ತಳದ ಒಂದು ಸೌಟು

ಆಗಿನ್ನೂ ನಾವು ಅಹಮದಾಬಾದಿನ ಮಣಿನಗರದಲ್ಲಿದ್ದೆವು. ನನಗೆ ಒಂಬತ್ತು ವರ್ಷ. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾದಾಗ ಹಾವೇರಿಯಿಂದ ನಮ್ಮ ಜೊತೆ ಹಿತ್ತಾಳೆಯ ಕೊಪ್ಪರಿಗೆಯೂ ರೈಲು ಹತ್ತಿ ಬಂದಿತ್ತು. ಕನ್ನಡದವರ ಮನೆಯಲ್ಲಿ ನಾಮಕರಣವಿರಲಿ, ಗಣಪತಿಯಿರಲಿ, ಅನ್ನ ಬೇಯುತ್ತಿದ್ದದ್ದು ಅದರಲ್ಲೇ. ಕೆಳಮನೆಯ ಹಂಸಾಬೆನ್ ಅದನ್ನು ಗುಜರಾತಿಯಲ್ಲಿ "ಮೋಟು ತಪೇಲು", ದೊಡ್ಡ ಪಾತ್ರೆ, ಎನ್ನುತ್ತಿದ್ದರು.

ಅಪ್ಪನ ಬಾಯಲ್ಲಿ ಪಾತ್ರೆಗಳು ಅಡುಗೆಮನೆ ದಾಟಿ ಬರುತ್ತಿದ್ದವು. ಅಮ್ಮ ಮುನಿದರೆ ಅವಳ ಮುಖ ಹಂಡೆ. ನನ್ನ ಹೊಟ್ಟೆ ಗುಡಾಣ.

"ಈ ಗುಡಾಣ ತುಂಬಸಾಕ ನಾ ಎರಡು ನೌಕರಿ ಮಾಡಬೇಕವಾ," ಎಂದು ಹೊಟ್ಟೆ ತಟ್ಟುತ್ತಿದ್ದ.

ಆ ಜನವರಿಯಲ್ಲಿ ಅಪ್ಪ ಕೆಲಸದ ಮೇಲೆ ಕಚ್ಛದ ಭಚಾವ್‌ಗೆ ಹೊರಟ. ಏನು ತರ್ತಿ ಎಂದು ಕೇಳಿದೆ.

"ಕೊಪ್ಪರಿಗಿ ತುಂಬ ಹೊನ್ನು ತರ್ತೀನಿ. ಹೊರಾಕ ನೀ ಬರಬೇಕು ಮತ್ತ."

ಗಣರಾಜ್ಯೋತ್ಸವದ ಬೆಳಿಗ್ಗೆ ನೆಲ ನಡುಗಿತು. ನಮ್ಮ ಕಟ್ಟಡ ಬಿರುಕು ಬಿಟ್ಟು ನಿಂತಿತು, ಎರಡು ಗಲ್ಲಿ ಆಚೆಯದು ಬಿತ್ತು. ಒಳಗೆ ಕಾಲಿಡಲು ಹೆದರಿ ಎಲ್ಲರೂ ಎದುರಿನ ಮೈದಾನದಲ್ಲಿ ಚಾದರ ಹಾಸಿದೆವು. ಭಚಾವ್ ಕಡೆಗೆ ಫೋನ್ ಹೋಗುತ್ತಿರಲಿಲ್ಲ. ಹಂಸಾಬೆನ್ ಗಂಡ ಧೈರ್ಯ ಮಾಡಿ ಓಡಿಹೋಗಿ ಕೊಪ್ಪರಿಗೆ ಇಳಿಸಿ ತಂದರು. ಇಟ್ಟಿಗೆಯ ಒಲೆ ಹೂಡಿ ಅಮ್ಮ ನಲವತ್ತು ಜನರಿಗೆ ಖಿಚಡಿ ಬೇಯಿಸತೊಡಗಿದಳು. ಸೌಟನ್ನು ಅವಳು ಕೆಳಗಿಡಲೇ ಇಲ್ಲ.

ನಮ್ಮ ಮನೆಯಲ್ಲೊಂದು ಪದ್ಧತಿ. ಊರಿಗೆ ಹೋದವರ ಪಾಲೆಂದು ಪಾತ್ರೆಯ ತಳದಲ್ಲಿ ಒಂದು ಸೌಟು ಬಿಡಬೇಕು. ಅವರು ಬರುವ ತನಕ ಪಾತ್ರೆ ಬರಿದಾಗಿ ಉಳಿಯಬಾರದು, ಬೋರಲಾಗಲಂತೂ ಕೂಡದು. ಸಾವಿನ ಮನೆಯಲ್ಲಿ ಮಾತ್ರ ಹಾಗೆ ಬೋರಲು ಹಾಕುತ್ತಾರೆ. ಅಡುಗೆಗೆ ಮುಂಚೆ ಬದಿಗೆ ತೆಗೆದಿಟ್ಟ ಹಳೆಯ ಸೌಟನ್ನು ಹೊಸದು ಬೆಂದ ಮೇಲೆ ಅಮ್ಮ ಹಸುವಿಗೆ ಹಾಕಿ, ಹೊಸ ಸೌಟು ಉಳಿಸಿ ತಟ್ಟೆ ಮುಚ್ಚುತ್ತಿದ್ದಳು. "ಅಪ್ಪನ ಪಾಲು ಅದ. ಮುಟ್ಟಬ್ಯಾಡ."

ಮೂರನೆಯ ಮಧ್ಯಾಹ್ನ ಖಿಚಡಿ ಸಾಲಲಿಲ್ಲ. ಅಮ್ಮ ನನ್ನ ಪಾಲನ್ನೂ ಯಾರದೋ ಮಗುವಿಗೆ ಕೊಟ್ಟು, ಫೋನಿನ ಸಾಲಿಗೆ ಹೋದಳು. ನಾನು ತಟ್ಟೆ ಸರಿಸಿದೆ. ತಳಕ್ಕೆ ಹತ್ತಿದ ಖಿಚಡಿಯ ಕಮರು, ತುಪ್ಪದ ವಾಸನೆ. ಒಂದು ತುತ್ತು ಎಂದುಕೊಂಡು ಎಲ್ಲವನ್ನೂ ತಿಂದೆ. ಗೊತ್ತಾಗಬಾರದೆಂದು ಬೂದಿಯಿಂದ ತಿಕ್ಕಿ, ಒಣಗಲಿ ಎಂದು ಕೊಪ್ಪರಿಗೆಯನ್ನು ಬಿಸಿಲಿಗೆ ಬೋರಲು ಹಾಕಿದೆ. ಹಾಕುವಾಗ ಆ ಮಾತು ನೆನಪಿಗೇ ಬರಲಿಲ್ಲ.

ಅಮ್ಮ ದೂರದಿಂದಲೇ ಅದನ್ನು ಕಂಡಳು.

"ಯಾರು ಮಗಚ್ಯಾರ ಇದನ್ನ? ಯಾರು?"

ಹಂಸಾಬೆನ್ ನನ್ನ ಕೈಯ ಬೂದಿ ನೋಡಿದರು. ನನ್ನ ಮುಂದೆ ಬಂದು ನಿಂತರು.

"ಮೈಂನೇ ಧೋಯಾ, ಬೆನ್. ಗಲತೀ ಹೋ ಗಯೀ." ತಾನೇ ತೊಳೆದದ್ದು, ತಪ್ಪಾಯಿತು ಎಂದರು.

ನಾನು ಬೂದಿಯ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿದೆ.

ಮರುದಿನ ಅಪ್ಪನ ಸಹೋದ್ಯೋಗಿಯೊಬ್ಬರು ಬಂದರು. ಅವರ ಕೈಯಲ್ಲಿ ಅಪ್ಪನ ಚೀಲವಿತ್ತು.

ಅಮ್ಮ ಅತ್ತಾಗ ಹಂಸಾಬೆನ್ ಹಿಡಿದುಕೊಳ್ಳಲು ಬಂದರು. ಅಮ್ಮ ಅವರ ಕೈ ತಳ್ಳಿದಳು. ಕೆಲವು ತಿಂಗಳ ನಂತರ ಅಪ್ಪನ ಬ್ಯಾಂಕಿನಲ್ಲೇ ಅನುಕಂಪದ ಮೇಲೆ ಅವಳಿಗೆ ವಡೋದರದಲ್ಲಿ ಕೆಲಸ ಸಿಕ್ಕಿ ನಾವು ಹೊರಡುವ ದಿನ ಹಂಸಾಬೆನ್ ದಾರಿಗೆಂದು ಥೇಪ್ಲಾ, ಮೆಂತ್ಯಸೊಪ್ಪಿನ ರೊಟ್ಟಿ, ಕಟ್ಟಿ ತಂದರು. ಅಮ್ಮ ಬಾಗಿಲು ತೆರೆಯಲಿಲ್ಲ. ನಾನು ಒಳಗೇ ನಿಂತಿದ್ದೆ. ಹೇಳಬಹುದಿತ್ತು.

ಆಮೇಲೆಯೂ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಮ್ಮ ಪ್ರತಿ ಊಟದಲ್ಲಿ ತಳಕ್ಕೊಂದು ಸೌಟು ಬಿಟ್ಟಳು. ಪ್ರತಿ ಸಲವೂ ನೋಡಿದೆ. ಹೇಳಲಿಲ್ಲ.

ಹೋದ ತಿಂಗಳು ಅಮ್ಮನೂ ಹೋದಳು. ಹಂಸಾಬೆನ್‌ರನ್ನು ಹುಡುಕಿಕೊಂಡು ಮಣಿನಗರಕ್ಕೆ ಹೋದೆ. ಆ ಕಟ್ಟಡವಿಲ್ಲ, ಅವರು ಎಲ್ಲಿದ್ದಾರೆಂದು ತಿಳಿದವರಿಲ್ಲ. ಕೊಪ್ಪರಿಗೆ ನನ್ನ ಮನೆಯಲ್ಲಿದೆ. ನಿನ್ನೆ ತೊಳೆದೆ. ಈಗ ಬೋರಲು ಹಾಕಿದರೆ ಕೇಳುವವರು ಯಾರೂ ಇಲ್ಲ. ಬಟ್ಟೆಯಿಂದ ಒರೆಸಿ, ಒಂದು ಸೌಟು ಅನ್ನ ಹಾಕಿ, ಬಾಯಿ ಮೇಲೆ ಮಾಡಿಯೇ ಇಟ್ಟೆ.